ತೂಲಿ ದ್ವೀಪದ ಆಡುಗಳು

ಮೋಡದ ಮೇಲಿನಿಂದ ಮನುಷ್ಯರ ಉಸಿರು ಎಣಿಸುವ ಯಂತ್ರವೊಂದು ಕೈಗೆ ಸಿಕ್ಕರೆ ಸರ್ಕಾರ ಏನು ಮಾಡುತ್ತದೆ? ಮೊದಲು ಅದಕ್ಕೊಂದು ಸಂಸ್ಕೃತದ ಹೆಸರಿಡುತ್ತದೆ. ಆಮೇಲೆ ಎಸಿ ಹಾಕಿದ ಕೋಣೆ ಕಟ್ಟಿಸಿಕೊಡುತ್ತದೆ. ಅಷ್ಟೆಲ್ಲ ಮಾಡಿದ ಮೇಲೆ ಅದು ಹೇಳಿದ್ದನ್ನು ನಂಬದೆ ಬೇರೆ ದಾರಿ ಇರುವುದಿಲ್ಲ.

ಮಂಗಳೂರಿನ ಕಡಲಂಚಿನಲ್ಲಿದ್ದ ನೆರೆನಾಡು ನೆರವು ಕೇಂದ್ರದ ಯಂತ್ರಕ್ಕೆ ಪ್ರಾಣಗಣಕ ಎಂದು ಹೆಸರು. ಅಲ್ಲಿ ಕೆಲಸ ಮಾಡುವವರು ಕರೆಯುತ್ತಿದ್ದದ್ದು ಪೆಟ್ಟಿಗೆ ಎಂದು. ನಾಲ್ಕು ಉಪಗ್ರಹಗಳು ಒಂದು ಬಗೆಯ ರೇಡಿಯೊ ಅಲೆಯನ್ನು ಕೆಳಕ್ಕೆ ಬಿಡುತ್ತಿದ್ದವು. ಅದು ಮೋಡ ದಾಟಿ, ತೆಂಗಿನ ಗರಿಯ ಮಾಡು ದಾಟಿ, ಮಲಗಿದವರ ಎದೆಗೆ ತಾಗಿ ಹಿಂದಿರುಗುತ್ತಿತ್ತು. ಉಸಿರಾಡುವಾಗ ಎದೆ ಅರ್ಧ ಬೆರಳಿನಷ್ಟು ಏರಿಳಿಯುತ್ತದಲ್ಲ, ಅಷ್ಟು ವ್ಯತ್ಯಾಸ ಸಾಕು, ಅಲ್ಲಿ ಒಂದು ಜೀವ ಇದೆ ಎಂದು ಪೆಟ್ಟಿಗೆಗೆ ತಿಳಿಯುತ್ತಿತ್ತು. ಇಷ್ಟು ಜನ, ಇಷ್ಟು ದನ, ಇಷ್ಟು ಆಡು ಎಂದು ವಿಂಗಡಿಸಿ ಹೇಳುತ್ತಿತ್ತು. ನೆರೆಯ ದೇಶದಲ್ಲಿ ಚಂಡಮಾರುತವೋ ಬರವೋ ಬಡಿದರೆ, ಎಷ್ಟು ಅಕ್ಕಿ ಕಳುಹಿಸಬೇಕು, ಎಷ್ಟು ಗುಳಿಗೆ ಕಳುಹಿಸಬೇಕು ಎಂಬುದೆಲ್ಲ ಆ ಎಣಿಕೆಯ ಮೇಲೆ ನಿರ್ಧಾರವಾಗುತ್ತಿತ್ತು.

ಈ ಕೋಣೆಯಲ್ಲಿ ಜಲಜ ಬಂಗೇರ ಎಂಬ ಪಶು ಪರಿವೀಕ್ಷಕಿಗೆ ಏನು ಕೆಲಸ ಎಂದು ಹೊಸಬರು ಕೇಳುತ್ತಿದ್ದರು. ಕೆಲಸ ಸಣ್ಣದೇ. ಜಾನುವಾರು ಇರುವ ಕಡೆಗೆ ಮೇವೂ ಹೋಗಬೇಕು, ಮೇವಿನ ಪಟ್ಟಿಗೆ ಪಶು ಇಲಾಖೆಯವರ ಸಹಿ ಬೇಕು ಎಂದು ನಿಯಮ. ಐವತ್ತಾರು ವರ್ಷದ ಜಲಜಕ್ಕ ಮೂವತ್ತು ವರ್ಷ ಲಸಿಕೆಯ ಡಬ್ಬ ಹಿಡಿದು ಮುಲ್ಕಿ, ಕಿನ್ನಿಗೋಳಿ ಕಡೆಯ ದನದ ಹಟ್ಟಿಗಳನ್ನು ಸುತ್ತಿದವಳು. ಈಗ ಪ್ರಿಂಟರಿನ ಪಕ್ಕದ ಕುರ್ಚಿಯಲ್ಲಿ ಕೂತು ಸಹಿ ಹಾಕುತ್ತಿದ್ದಳು.

ಆ ಸಲದ ಸಂಕಟ ಮಿನಾರು ದೇಶದ್ದು. ಹದಿನಾಲ್ಕು ದ್ವೀಪಗಳ ಪುಟ್ಟ ರಾಷ್ಟ್ರ. ಕಡಲು ಏರಿ ಬಾವಿಗಳಿಗೆಲ್ಲ ಉಪ್ಪು ನುಗ್ಗಿತ್ತು, ಹಿಂದೆಯೇ ಜ್ವರ ಬಂದಿತ್ತು. ಹೊರದ್ವೀಪಗಳ ಜನರನ್ನೆಲ್ಲ ರಾಜಧಾನಿಗೆ ಸಾಗಿಸಿದ್ದೇವೆ, ತೂಲಿ ಎಂಬ ದ್ವೀಪದಲ್ಲಿ ಮಾತ್ರ ಇನ್ನೂರ ಚಿಲ್ಲರೆ ಆಡು ಕಾಯುವವರು ತಮ್ಮ ಇಷ್ಟದಿಂದ ಉಳಿದಿದ್ದಾರೆ ಎಂದು ಮಿನಾರು ಸರ್ಕಾರ ಹೇಳಿತು. ಪೆಟ್ಟಿಗೆಯೂ ಅದನ್ನೇ ಹೇಳಿತು: ಜನ ಇನ್ನೂರ ಮೂವತ್ತೊಂದು, ಆಡು ಸಾವಿರದ ನೂರ ನಲವತ್ತು. ಎರಡು ದೇಶಗಳ ಮಾತು ಹೀಗೆ ಹೊಂದಿಕೊಳ್ಳುವುದು ಅಪರೂಪ. ಎಲ್ಲರಿಗೂ ನೆಮ್ಮದಿಯಾಯಿತು. ಒಪ್ಪಂದ ಬರೆದರು. ನಮ್ಮ ಹಡಗು ತೂಲಿಯ ಹಡಗುಕಟ್ಟೆಗೆ ಸಾಮಾನು ಇಳಿಸಿ ಬರಬೇಕು, ಯಾರೂ ದ್ವೀಪದೊಳಗೆ ಕಾಲಿಡಬಾರದು, ಮಿನಾರುವಿನ ಪ್ರಜೆ ಒಬ್ಬನನ್ನೂ ಹಡಗಿಗೆ ಹತ್ತಿಸಬಾರದು. ಮೊದಲ ಹಡಗಿನಲ್ಲಿ ಇನ್ನೂರು ಜನರ ಅಕ್ಕಿ ಹೋಯಿತು. ಒಂಬತ್ತು ಟನ್ ಬೈಹುಲ್ಲು, ಎರಡು ಟನ್ ನೆಲಗಡಲೆ ಹಿಂಡಿ ಹೋಯಿತು. ಹುಲ್ಲು ಮತ್ತು ಹಿಂಡಿಗೆ ಸಹಿ ಜಲಜಕ್ಕನದು.

ಅದಾಗಿ ಮೂರು ವಾರ ಕಳೆದಿತ್ತು. ಎರಡನೆಯ ಹಡಗಿಗೆ ಸಾಮಾನು ತುಂಬುತ್ತಿದ್ದರು.

"ಜಲಜಕ್ಕಾ, ನಿಮ್ಮ ಆಡುಗಳು ಮತ್ತೆ ಕಡಿಮೆ ಆದ್ವು," ಎಂದಳು ಪೆಟ್ಟಿಗೆ ನೋಡಿಕೊಳ್ಳುವ ಇಂಜಿನಿಯರ್ ಲವೀನಾ ಪಿರೇರ. "ಇವತ್ತು ಎಂಟುನೂರ ಅರವತ್ತೊಂದು."

"ದಿನಕ್ಕೆ ಹದಿಮೂರು ಹೋಗ್ತಾ ಉಂಟಲ್ಲ! ಇನ್ನೂರು ಜನಕ್ಕೆ ದಿನಾ ಹದಿಮೂರು ಆಡು? ಒಳ್ಳೆ ಹೊಟ್ಟೆ ಮಾರಾಯ್ತಿ. ನಮ್ಮನ್ನೂ ಒಂದು ದಿವಸ ಊಟಕ್ಕೆ ಕರೆಯಬಹುದಿತ್ತು."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ವಿದೇಶಾಂಗ ಇಲಾಖೆಯ ತಿಪ್ಪೇಸ್ವಾಮಿಯೂ ನಕ್ಕರು. ಚಳ್ಳಕೆರೆ ಕಡೆಯವರು, ಹತ್ತು ದೇಶ ಸುತ್ತಿ ಬಂದಿದ್ದರೂ ಮಾತು ಬದಲಾಗಿರಲಿಲ್ಲ.

"ತಿನ್ಲಿ ಬಿಡ್ರಿ ಪಾಪ. ಮಿನಾರುದೋರೇ ಬರ್ದವ್ರೆ, ಮಾಂಸ ಸಿಗ್ತೈತೆ, ಈ ಸಲ ಅಕ್ಕಿ ಅರ್ಧ ಸಾಕು ಅಂತ. ಜಲಜಮ್ಮ, ನೀವು ಆಡು ಯಾಕೆ ಕಮ್ಮಿ ಆದ್ವು ಅಂತ ಒಂದ್ ಷರಾ ಹಾಕ್ಕೊಡಿ. ಮೇವೂ ಕಮ್ಮಿ ಮಾಡಾಣ."

ಜಲಜಕ್ಕ ಷರಾ ಬರೆದಳು: 'ಸಂಖ್ಯೆ ಇಳಿಕೆ ೨೭೯. ಕಾರಣ: ಆಹಾರಕ್ಕಾಗಿ ಬಳಕೆ.' ಕೆಳಗೆ ಸಹಿ, ತಾರೀಕು, ಮೊಹರು.

*

ಮರುದಿನ ಬೆಳಿಗ್ಗೆ ಕೂಳೂರಿನ ಮನೆಯಲ್ಲಿ ಮಗಳು ವಿನುತಳ ಎಂಟು ತಿಂಗಳ ಕೂಸು ಗಂಜಿ ಮುಟ್ಟಲಿಲ್ಲ. ಎರಡು ದಿನದಿಂದ ಶೀತ ಇತ್ತು. ಇವತ್ತು ಮೈ ಸುಡುತ್ತಿತ್ತು. ಆ ದಾರಿಯಲ್ಲೇ ಹೊರಟಿದ್ದ ಆಶಾ ಕಾರ್ಯಕರ್ತೆ ನಫೀಸಾಳನ್ನು ಜಲಜಕ್ಕ ಒಳಗೆ ಕರೆದಳು.

"ಅಂಗಿ ಮೇಲೆ ಮಾಡಿ ವಿನುತಾ. ಅಳಿಸಬೇಡಿ, ಅತ್ತರೆ ಲೆಕ್ಕ ತಪ್ಪುತ್ತದೆ," ಎಂದು ನಫೀಸಾ ಕೂಸಿನ ಹೊಟ್ಟೆ ಕಾಣುವ ಹಾಗೆ ಕೂತಳು. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು, ಹೊಟ್ಟೆ ಏರಿದಾಗಲೆಲ್ಲ ತುಟಿಯಲ್ಲೇ ಎಣಿಸತೊಡಗಿದಳು. ಮನೆಯವರೆಲ್ಲ ಮಾತು ನಿಲ್ಲಿಸಿದರು.

"ಐವತ್ತನಾಲ್ಕು," ಎಂದಳು ನಫೀಸಾ. "ಈ ಪ್ರಾಯಕ್ಕೆ ಐವತ್ತು ದಾಟಿದ್ರೆ ಮತ್ತೆ ಮನೆಮದ್ದು ಎಲ್ಲ ಬೇಡ, ಜಲಜಕ್ಕ. ಎದೆಯಲ್ಲಿ ಕಫ ಕಟ್ಟಿದೆ. ಈಗಲೇ ಆಸ್ಪತ್ರೆಗೆ ಹೊರಡಿ."

"ಬೆಳಿಗ್ಗೆಯಿಂದ ಹೀಗೇ ಬಿದ್ಕೊಂಡಿದ್ದಾನೆ ಅಮ್ಮ," ಎಂದಳು ವಿನುತ. "ಇಡೀ ಮನೆ ಅಂಬೆಗಾಲಿಡುವವನು. ಇವತ್ತು ಮಲಗಿಸಿದಲ್ಲಿಂದ ಒಂದು ಚೂರು ಆಚೀಚೆ ಆಗ್ಲಿಲ್ಲ. ಕಟ್ಟಿಹಾಕಿದ ಹಾಗೆ."

ಜಲಜಕ್ಕ ಕೂಸನ್ನು ನೋಡಿದಳು. ಸಣ್ಣ ಎದೆ. ಬೇಗಬೇಗ ಉಸಿರು. ಅಲುಗಾಟವಿಲ್ಲ. ಪೆಟ್ಟಿಗೆಯ ಪರದೆಯ ಮೇಲೆ ಮೂರು ವಾರದಿಂದ ಅವಳು ನೋಡುತ್ತಿದ್ದದ್ದೂ ಇದನ್ನೇ. ಐವತ್ತೆರಡು, ಐವತ್ತಾರು, ನಲವತ್ತೊಂಬತ್ತು ಎಂದು ಸಾಲುಸಾಲಾಗಿ ಅಂಕಿಗಳು. ಬಿಸಿಲಿಗೆ ಆಡು ಏದುಸಿರು ಬಿಡುತ್ತದೆ, ಅಲ್ಲಿ ಸೆಕೆ ಜಾಸ್ತಿ ಎಂದು ಅವಳೇ ಕೇಂದ್ರದವರಿಗೆ ವಿವರಿಸಿದ್ದಳು.

ಅವಳು ಮೊಬೈಲ್ ತೆಗೆದು ರಿಕ್ಷಾಕ್ಕೆ ಫೋನ್ ಮಾಡಿದಳು. ರಿಕ್ಷಾ ಬಂತು. ವಿನುತ ಕೂಸನ್ನು ಎತ್ತಿಕೊಂಡು ಹತ್ತಿದಳು, ನಫೀಸಾ ಪಕ್ಕದಲ್ಲಿ ಕೂತಳು.

"ಹತ್ತಿ ಅಮ್ಮ, ಎಂತ ನಿಂತದ್ದು?"

"ನೀವು ಹೋಗಿ. ನಾನು ಕೇಂದ್ರಕ್ಕೆ ಹೋಗಿ ಬರ್ತೇನೆ. ನಫೀಸಾ ಉಂಟಲ್ಲ ಜೊತೆಗೆ."

ವಿನುತ ನಂಬಲಾರದೆ ನೋಡಿದಳು. "ಮೊಮ್ಮಗನಿಗಿಂತ ನಿಮಗೆ ಆ ಆಡಿನ ಲೆಕ್ಕ ಹೆಚ್ಚಾಯ್ತಾ?"

ಜಲಜಕ್ಕ ರಿಕ್ಷಾ ತಿರುವು ದಾಟುವವರೆಗೂ ನಿಂತಿದ್ದು, ಆಮೇಲೆ ಬಸ್ಸಿನ ಕಡೆಗೆ ಓಡಿದಳು.

*

"ಒಂದು ಆಡು ತೋರಿಸು," ಎಂದಳು ಲವೀನಾಳಿಗೆ, ಚಪ್ಪಲಿ ಕೂಡ ಕಳಚದೆ. "ಯಾವುದಾದ್ರೂ ಒಂದು. ಅದರ ಉಸಿರಿನ ಗೆರೆ ಪೂರ್ತಿ ತೋರಿಸು, ಹತ್ತು ನಿಮಿಷದ್ದು."

ಪರದೆಯ ಮೇಲೆ ಹಸಿರು ಗೆರೆಯೊಂದು ಮೂಡಿತು. ಏರಿತು, ಇಳಿಯಿತು, ಏರಿತು, ಇಳಿಯಿತು. ಜಲಜಕ್ಕ ಬೆರಳಿಟ್ಟು ಗೆರೆಯ ಉದ್ದಕ್ಕೂ ಹೋದಳು.

"ಮೆಲುಕು ಎಲ್ಲಿ?"

"ಎಂತದು ಜಲಜಕ್ಕ?"

"ಮಲಗಿದ ಆಡು ಮೆಲುಕು ಹಾಕ್ತದೆ ಲವೀನಾ. ನಿಮಿಷಕ್ಕೊಮ್ಮೆ ಹೊಟ್ಟೆಯಿಂದ ಒಂದು ಉಂಡೆ ಮೇಲೆ ಬರ್ಬೇಕು. ಅದು ಬರುವಾಗ ಉಸಿರು ಒಂದು ಗಳಿಗೆ ನಿಲ್ತದೆ, ಗೆರೆ ಮುರಿತದೆ. ಇಲ್ಲಿ ಮುರಿದದ್ದೇ ಇಲ್ಲ. ಇನ್ನೊಂದು ತೋರಿಸು."

ಇನ್ನೊಂದು ತೋರಿಸಿದಳು. ಮತ್ತೆ ಹತ್ತು. ಮತ್ತೆ ಇಪ್ಪತ್ತು. ಎಲ್ಲೂ ಗೆರೆ ಮುರಿದಿರಲಿಲ್ಲ.

"ಕಾಯಿಲೆ ಬಿದ್ದ ಆಡು ಮೆಲುಕು ಹಾಕೋದಿಲ್ಲ ಅಲ್ವಾ?" ಎಂದು ಲವೀನಾ ಮೆಲ್ಲಗೆ ಕೇಳಿದಳು.

"ಎಂಟುನೂರಕ್ಕೂ ಒಟ್ಟಿಗೆ ಕಾಯಿಲೆಯಾ? ಈ ಪೆಟ್ಟಿಗೆ ಇದನ್ನು ಆಡು ಅಂತ ಹೇಗೆ ಹೇಳ್ತದೆ, ಮೊದಲು ಅದನ್ನು ಹೇಳು ನಂಗೆ."

ಲವೀನಾ ಹೇಳಲು ಶುರು ಮಾಡಿದಳು. ದೊಡ್ಡ ಎದೆ, ನಿಧಾನ ಉಸಿರು, ನಡೆದಾಟ ಇದ್ದರೆ ದೊಡ್ಡವರು. ಸಣ್ಣ ಎದೆ, ಬೇಗ ಉಸಿರು ಇದ್ದು ಓಡುವುದು, ಬೀಳುವುದು, ಮಡಿಲಿಗೆ ಏರುವುದು ಇದ್ದರೆ ಮಗು. ಮಗು ಎಚ್ಚರವಿರುವಾಗ ಸುಮ್ಮನಿರುವುದಿಲ್ಲವಲ್ಲ, ಅದನ್ನೇ ಗುರುತಾಗಿ ಇಟ್ಟುಕೊಂಡಿದ್ದರು. ಸಣ್ಣ ಎದೆ, ಬೇಗ ಉಸಿರು ಇದ್ದು ಹಗಲಿಡೀ ಒಂದೇ ಜಾಗದಲ್ಲಿದ್ದರೆ...

ಲವೀನಾ ಪರದೆಯ ಕಡೆ ತಿರುಗಿದಳು.

"ಹೇಳು," ಎಂದಳು ಜಲಜಕ್ಕ.

"ಕಟ್ಟಿಹಾಕಿದ ಆಡು."

ಲವೀನಾ ಯಾರೂ ಹೇಳದೆಯೇ ಆ ಬೆಳಿಗ್ಗೆಯ ಪೂರ್ತಿ ಚಿತ್ರ ತೆರೆದಳು. ಉದ್ದನೆಯ ಚಪ್ಪರಗಳ ಕೆಳಗೆ ಸಣ್ಣ ಚುಕ್ಕಿಗಳ ಸಾಲು. ಒಂದು ದೊಡ್ಡ ಚುಕ್ಕಿ ಮೊದಲನೆಯದರ ಹತ್ತಿರ ಹೋಗಿ ನಿಂತಿತು. ಆಮೇಲೆ ಎರಡನೆಯದರ ಹತ್ತಿರ. ಆಮೇಲೆ ಮೂರನೆಯದರ ಹತ್ತಿರ. ಆರನೆಯದರ ಹತ್ತಿರ ತುಂಬ ಹೊತ್ತು ನಿಂತಿತು. ಅಲ್ಲಿಂದ ಅದು ಎದ್ದು ಹೋಗುವ ಮೊದಲೇ ಸಣ್ಣ ಚುಕ್ಕಿ ಆರಿಹೋಯಿತು. ಪರದೆಯ ಮೂಲೆಯಲ್ಲಿ ಎಂಟುನೂರ ಐವತ್ತಾರು ಇದ್ದದ್ದು ಎಂಟುನೂರ ಐವತ್ತೈದು ಆಯಿತು.

ಲವೀನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಜಲಜಕ್ಕನಿಗೆ ನಿನ್ನೆ ತಾನು ಆಡಿದ ತಮಾಷೆ ಕಿವಿಯಲ್ಲಿ ಹಾಗೇ ಇತ್ತು. ಒಳ್ಳೆ ಹೊಟ್ಟೆ ಮಾರಾಯ್ತಿ.

*

ತಿಪ್ಪೇಸ್ವಾಮಿ ಬಾಗಿಲು ಹಾಕಿಸಿ, ಎಲ್ಲವನ್ನೂ ಕೇಳಿದರು. ಕೇಳಿದ ಮೇಲೆ ಎದ್ದು ಹೋಗಿ ಮುಖ ತೊಳೆದು ಬಂದರು.

"ನಮಗೊಂದು ಗುಮಾನಿ ಇತ್ತು," ಎಂದರು. "ಜ್ವರ ಬಂದ ಮಕ್ಕಳನ್ನ ರಾಜಧಾನಿ ಬಂದರಲ್ಲಿ ಇಳಿಸ್ಕಳ್ಳಲಿಲ್ಲ, ಬೇರೆ ಕಡೆ ಸಾಗಿಸಿದ್ರು ಅಂತ ಯಾರೋ ಹೇಳಿದ್ರು. ಎಲ್ಲಿಗೆ ಅಂತ ಗೊತ್ತಿರಲಿಲ್ಲ. ಪೆಟ್ಟಿಗೆ ಆಡು ಅಂದಿದ್ದಕ್ಕೆ ನಾವೂ ಸುಮ್ನಾದ್ವಿ."

"ಹಾಗಾದ್ರೆ ಈಗ ಹೇಳಿ ಸರ್. ಅಲ್ಲಿರೋದು ಮಕ್ಕಳು, ಡಾಕ್ಟರನ್ನು ಬಿಡಿ, ಹಡಗಿಗೆ ಹತ್ತಿಸ್ತೇವೆ ಅಂತ ಹೇಳಿ."

"ಹೇಳಿದ್ರೆ ಏನಾಗ್ತೈತೆ ಗೊತ್ತಾ ಜಲಜಮ್ಮ? ನೀವು ಸುಳ್ಳು ಹೇಳಿದ್ರಿ ಅಂತ ಒಂದು ಸರ್ಕಾರದ ಮುಖಕ್ಕೆ ಹೇಳಿದಂಗೆ. ಅವ್ರು ಇಲ್ಲ ಅಂತಾರೆ. ಹಡಗು ವಾಪಸ್ ಕಳಿಸ್ತಾರೆ. ನಾಲ್ಕು ದೇಶ ಸೇರ್ಕಂಡು ಸಭೆ ಮಾಡಿ, ಖಂಡನೆ ಬರ್ದು, ಒಳಗೆ ಹೋಗಕ್ಕೆ ಒಂದೂವರೆ ತಿಂಗಳು. ನಾನು ಇಪ್ಪತ್ತಾರು ವರ್ಷದಿಂದ ಇದನ್ನೇ ನೋಡಿರೋದು."

ದಿನಕ್ಕೆ ಹದಿಮೂರರಂತೆ ಒಂದೂವರೆ ತಿಂಗಳು. ಮೂವರೂ ಮನಸ್ಸಿನಲ್ಲೇ ಗುಣಿಸಿದರು.

ಜಲಜಕ್ಕ ತನ್ನ ಚೀಲದಿಂದ ಒಪ್ಪಂದದ ಪ್ರತಿ ತೆಗೆದಳು. ಅದರ ಕೊನೆಗೆ ಜಾನುವಾರುಗಳ ಬಗ್ಗೆ ಎರಡು ಪುಟ ಇದ್ದವು. ಯಾವುದೋ ಹಳೆಯ ಒಪ್ಪಂದದಿಂದ ಎತ್ತಿ ಅಂಟಿಸಿದ್ದು. ಆ ಭಾಗ ಓದಿದ್ದವಳು ಇಡೀ ಕೇಂದ್ರದಲ್ಲಿ ಅವಳೊಬ್ಬಳೇ. ಸಹಿ ಹಾಕುವುದು ಅವಳಾದ್ದರಿಂದ ಓದಿದ್ದಳು.

"ಸರ್, ಇಲ್ಲಿ ಎಂತ ಉಂಟು ನೋಡಿ. ಜಾನುವಾರುಗಳಿಗೆ ರೋಗ ಬಂದ್ರೆ ಪಶುವೈದ್ಯ ಸಿಬ್ಬಂದಿ ದ್ವೀಪಕ್ಕೆ ಇಳಿಬಹುದು. ಎಷ್ಟು ಜನ ಅಂತ ಬರೆದಿಲ್ಲ. ಬೇಕಾದ್ರೆ ಜಾನುವಾರುಗಳನ್ನು ನೆರವು ಕೊಡುವ ದೇಶಕ್ಕೆ ಸಾಗಿಸಿ ಚಿಕಿತ್ಸೆ ಮಾಡಿ ವಾಪಸ್ ಕಳಿಸಬಹುದು. ಅದಕ್ಕೂ ಮಿತಿ ಇಲ್ಲ."

ತಿಪ್ಪೇಸ್ವಾಮಿ ಅವಳನ್ನೇ ನೋಡಿದರು.

"ಕಾಗದದಲ್ಲಿ ಆಡು ಅಂತಲೇ ಇರಲಿ," ಎಂದಳು ಜಲಜಕ್ಕ. "ನಾವು ಯಾರ ಸುಳ್ಳನ್ನೂ ಬಯಲು ಮಾಡೋದು ಬೇಡ. ನಾಳೆ ಹೋಗುವ ಡಾಕ್ಟರ್‌ಗಳೆಲ್ಲ ದನದ ಡಾಕ್ಟರ್. ಹಾಲಿನ ಪುಡಿ ಮರಿಗಳಿಗೆ ಅಂತ ಬರೆಯುವ. ಎಂಟುನೂರು ಆಡಿಗೆ ಎದೆ ಕಫ ಕಟ್ಟುವ ರೋಗ ಬಂದಿದೆ, ಕೂಡಲೇ ಮಂಗಳೂರಿಗೆ ಸಾಗಿಸ್ಬೇಕು ಅಂತ ನಾನು ಸರ್ಟಿಫಿಕೇಟ್ ಕೊಡ್ತೇನೆ."

"ಸುಳ್ಳು ಸರ್ಟಿಫಿಕೇಟ್ ಕೊಟ್ಟಿದ್ದು ಹೊರಗೆ ಬಂದ್ರೆ ನಿಮ್ ಪೆನ್ಷನ್ ಹೋಗ್ತೈತೆ."

"ಆಹಾರಕ್ಕಾಗಿ ಬಳಕೆ ಅಂತ ನಿನ್ನೆ ಕೊಟ್ಟೆನಲ್ಲ, ಅದು ಎಂತದು ಮತ್ತೆ?"

ಮಿನಾರುವಿನ ರಾಯಭಾರಿ ಶ್ರೀಮತಿ ಒಸಾರಿ ಪರದೆಯ ಮೇಲೆ ಬಂದಾಗ ಮಧ್ಯಾಹ್ನ. ನೆರೆತ ಕೂದಲು, ಇಸ್ತ್ರಿ ಕೆಡದ ಬಿಳಿ ಬಟ್ಟೆ. ತಿಪ್ಪೇಸ್ವಾಮಿ ಇಂಗ್ಲಿಷಿನಲ್ಲಿ, ಒಂದು ಶಬ್ದವೂ ಆಚೀಚೆ ಆಗದಂತೆ, ತೂಲಿಯ ಆಡುಗಳಿಗೆ ಬಂದಿರುವ ರೋಗದ ಬಗ್ಗೆ ಹೇಳಿದರು. ನಮ್ಮ ಪಶುವೈದ್ಯರು ಸಿದ್ಧರಿದ್ದಾರೆ, ತಮ್ಮ ಸರ್ಕಾರ ಒಪ್ಪಿದರೆ ಸಾಕು.

ರಾಯಭಾರಿ ಎದುರಿಗಿದ್ದ ನೀರಿನ ಲೋಟವನ್ನು ಸ್ವಲ್ಪ ಸರಿಸಿದರು. ಮತ್ತೆ ಅದೇ ಜಾಗಕ್ಕೆ ತಂದಿಟ್ಟರು.

"ಆಡು ಕಾಯುವವರು ಜೊತೆಗೆ ಬರುವಂತಿಲ್ಲ," ಎಂದರು ಕೊನೆಗೆ. "ನಮ್ಮ ಪ್ರಜೆಗಳು ಹೊರಗೆ ಹೋದರೆ ಅವರು ಮಾತಾಡುತ್ತಾರೆ. ಆಡುಗಳು ಹೋಗಬಹುದು."

"ಅರ್ಥವಾಯಿತು, ಮೇಡಂ."

"ನಿಮ್ಮ ಪಶುವೈದ್ಯರಿಗೆ ಒಂದು ಮಾತು ತಿಳಿಸುತ್ತೀರಾ?" ಅವರ ದನಿ ತಗ್ಗಿತು. "ನಮ್ಮ ಆಡುಗಳಿಗೆ ಕತ್ತಲೆ ಎಂದರೆ ಭಯ. ಮಲಗಿಸುವಾಗ ಒಂದು ದೀಪ ಉರಿಯುತ್ತಿರಬೇಕು."

ಪರದೆ ಆರಿತು. ಲವೀನಾ ಆ ಮಾತನ್ನು ಪಿಸುದನಿಯಲ್ಲಿ ಕನ್ನಡಕ್ಕೆ ತಂದು ಜಲಜಕ್ಕನಿಗೆ ಹೇಳಿದಳು. ಜಲಜಕ್ಕ ತಲೆ ಎತ್ತದೆ, ಸಾಗಾಣಿಕೆಯ ನಮೂನೆಯ ಮೇಲೆ 'ಶೆಡ್ಡಿನಲ್ಲಿ ರಾತ್ರಿಯೂ ದೀಪ' ಎಂದು ಬರೆದಳು.

ಆಮೇಲೆ ಅದೇ ನಮೂನೆಯ ಇನ್ನೊಂದು ಅಂಕಣ ತೋರಿಸಿದಳು. "ಇದನ್ನು ಯಾರೂ ಖಾಲಿ ಬಿಡಬಾರದು. ನಮ್ಮ ಡಾಕ್ಟರ್‌ಗಳಿಗೆ ಗಟ್ಟಿಯಾಗಿ ಹೇಳಿ. ಚೀಟಿ ಕಟ್ಟುವಾಗ ಅಲ್ಲಿ ಆಡು ಕಾಯುವವರ ಹತ್ತಿರ ಕೇಳಿ ಬರ್ಕೊಂಡು ಬರ್ಬೇಕು."

ಅಂಕಣದ ಹೆಸರು 'ಮಾಲೀಕರ ಹೆಸರು ಮತ್ತು ಊರು' ಎಂದಿತ್ತು. ಚಿಕಿತ್ಸೆ ಮುಗಿದ ಮೇಲೆ ಜಾನುವಾರನ್ನು ಯಾರಿಗೆ ಮರಳಿಸಬೇಕು ಎಂದು ತಿಳಿಯಲು ಹಾಗೊಂದು ಅಂಕಣ ಇಟ್ಟಿದ್ದರು.

ಅಷ್ಟರಲ್ಲಿ ವಿನುತಳ ಸಂದೇಶ ಬಂದಿತ್ತು. ಕೂಸಿಗೆ ಆಮ್ಲಜನಕ ಕೊಟ್ಟಿದ್ದಾರೆ, ಉಸಿರು ನಲವತ್ತಕ್ಕೆ ಇಳಿದಿದೆ, ನೀವೇನೂ ಬರಬೇಕಾಗಿಲ್ಲ. ಜಲಜಕ್ಕ ಕೊನೆಯ ಮಾತನ್ನು ಎರಡು ಸಲ ಓದಿಕೊಂಡು, ಆಸ್ಪತ್ರೆಗೆ ಹೊರಟಳು.

*

ಹಡಗು ಹಿಂದಿರುಗಿದ್ದು ಎಂಟನೆಯ ದಿನ ಬೆಳಿಗ್ಗೆ.

ತೂಲಿಯಲ್ಲಿ ಹತ್ತಿದ್ದು ಏಳುನೂರ ಎಂಬತ್ತೆಂಟು. ಮಂಗಳೂರಿನಲ್ಲಿ ಇಳಿದದ್ದು ಏಳುನೂರ ಎಂಬತ್ತೊಂದು. ಬಂದರಿನ ಹಿಂದಿನ ಜಾನುವಾರು ಶೆಡ್ಡುಗಳನ್ನು ತೊಳೆದು, ಸುಣ್ಣ ಹೊಡೆದು, ಚಾಪೆ ಹಾಸಿದ್ದರು. ಊರಿನ ಎಲ್ಲ ಆಸ್ಪತ್ರೆಗಳಿಂದ ಮಕ್ಕಳ ಡಾಕ್ಟರುಗಳು ಬಂದಿದ್ದರು. ಎಲ್ಲರ ಅಂಗಿಯ ಮೇಲೂ ಪಶುವೈದ್ಯಕೀಯ ಸೇವೆ ಎಂಬ ಬಿಲ್ಲೆ. ಸಾಲಿನಲ್ಲಿ ನಫೀಸಾಳೂ ಇದ್ದಳು, ಮೊಬೈಲಿನಲ್ಲಿ ಒಂದೊಂದು ನಿಮಿಷ ಇಟ್ಟುಕೊಂಡು ಎಣಿಸುತ್ತ.

ಅಳು ಕೇಳಿಸಲಿಲ್ಲ. ಜಲಜಕ್ಕನಿಗೆ ಅದನ್ನೇ ತಡೆದುಕೊಳ್ಳಲು ಆಗಲಿಲ್ಲ. ಅಷ್ಟು ಮಕ್ಕಳು, ಒಂದಾದರೂ ರಚ್ಚೆ ಹಿಡಿಯಬೇಕಿತ್ತು. ಹಡಗಿನ ಔಷಧಿಯಿಂದ ಚೇತರಿಸಿಕೊಂಡು ನಡೆಯಬಲ್ಲವು ಕೆಲವೇ ಇದ್ದವು. ಉಳಿದವನ್ನು ಹೊತ್ತು ತಂದರು. ಪ್ರತಿಯೊಂದರ ಮಣಿಕಟ್ಟಿಗೂ ಹಳದಿ ಚೀಟಿ. ಚೀಟಿಯಲ್ಲಿ ಸಂಖ್ಯೆ, ಪ್ರಾಯ, ಮಾಲೀಕರ ಹೆಸರು. ಮಾಲೀಕರೆಲ್ಲ ಹೆಂಗಸರು. ಕೆಲವರು ತೂಲಿಯಲ್ಲಿದ್ದವರು, ಹೆಚ್ಚಿನವರು ರಾಜಧಾನಿಯಲ್ಲಿ ಎಲ್ಲೋ ಕಾಯುತ್ತಿರುವವರು. ದ್ವೀಪದ ಹೆಂಗಸರು ನೆನಪಿನಿಂದ ಒಂದೊಂದೇ ಹೆಸರು ಹೇಳಿ ಬರೆಸಿದ್ದರಂತೆ. ಹಡಗು ಹೊರಡುವಾಗ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದರಂತೆ. ಹತ್ತಿಸಿ ಎಂದು ಒಬ್ಬರೂ ಕೇಳಲಿಲ್ಲವಂತೆ.

ಚೀಟಿ ನಾನೂರ ಹನ್ನೆರಡು ಒಬ್ಬ ಹುಡುಗಿಯದು, ಏಳು ವರ್ಷ ಇರಬಹುದು. ನಡೆದೇ ಬಂದಳು. ಎದೆಗೆ ಒಂದು ಬಟ್ಟೆಯ ಗಂಟು ಒತ್ತಿ ಹಿಡಿದಿದ್ದಳು. ಬಟ್ಟೆ ಕೊಳಕಾಗಿತ್ತು, ಬದಲಾಯಿಸಲು ನರ್ಸ್ ಕೈ ಹಾಕಿದಾಗ ಹುಡುಗಿ ಕಚ್ಚಲು ಬಂದಳು.

ಜಲಜಕ್ಕ ನೆಲಕ್ಕೆ ಕೂತು ಕೈ ಚಾಚಿದಳು. ಹುಡುಗಿ ತುಂಬ ಹೊತ್ತು ನೋಡಿ, ಗಂಟನ್ನು ತಾನೇ ಬಿಚ್ಚಿ ತೋರಿಸಿದಳು. ಒಳಗೆ ಕಂದು ಬಣ್ಣದ ಒಂದು ಗಟ್ಟಿ ಚೂರು. ಮೂಸಿ ನೋಡಬೇಕಾಗಿರಲಿಲ್ಲ. ಮೂವತ್ತು ವರ್ಷ ಕೈಯಲ್ಲಿ ಮುರಿದು ದನಗಳ ಬಾನಿಗೆ ಹಾಕಿದ ವಸ್ತು. ನೆಲಗಡಲೆ ಹಿಂಡಿ.

ಹುಡುಗಿ ಏನೋ ಹೇಳಿದಳು. ಮಿನಾರು ಭಾಷೆ ಬಲ್ಲ ನಾವಿಕನೊಬ್ಬ ತಿಳಿಸಿದ. "ಮೊದಲಿನ ಹಡಗಿನಲ್ಲಿ ಬಂದದ್ದಂತೆ ಅಮ್ಮ. ಅಕ್ಕಿ ಮುಗಿದ ಮೇಲೆ ಇದನ್ನೇ ಕುಟ್ಟಿ ಬೇಯಿಸಿ ಕುಡಿಸ್ತಿದ್ರಂತೆ. ಹುಲ್ಲನ್ನೂ ಬೇಯಿಸಿ ನೋಡಿದ್ರು, ಆಗ್ಲಿಲ್ಲ ಅಂತಾಳೆ. ಈ ಚೂರು ತಮ್ಮನ ಪಾಲು. ಅವನು ಇನ್ನೂ ಅಲ್ಲೇ ಮಲಗಿದ್ದಾನಂತೆ, ಎದ್ದ ಮೇಲೆ ಕೊಡ್ಬೇಕಂತೆ."

ನಾವಿಕ ಮುಖ ತಿರುಗಿಸಿ ನಿಂತ.

ತಿಪ್ಪೇಸ್ವಾಮಿ ಪಕ್ಕದಲ್ಲೇ ಇದ್ದರು. ಜಲಜಕ್ಕ ಏಳದೆಯೇ ಕೇಳಿದಳು: "ಸರ್, ನನ್ನ ಆ ಷರಾ ಹೊಡೆದು ಹಾಕ್ಲಿಕ್ಕೆ ಆಗ್ತದಾ?"

"ಆ ಫೈಲು ದಿಲ್ಲಿಗೆ ಹೋಗಿ ಮುಗೀತು ಜಲಜಮ್ಮ. ಈಗ ತಿದ್ದಿದ್ರೆ ಎಲ್ಲಾ ಬಯಲಾಗ್ತೈತೆ. ಆ ಹೆಂಗಸ್ರು ಇನ್ನೂ ಅಲ್ಲೇ ಅವ್ರೆ, ನೆನಪಿರ್ಲಿ."

ಅವರು ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಷರಾ ಹಾಗೇ ಉಳಿಯುತ್ತದೆ. ಇನ್ನೂರ ಎಪ್ಪತ್ತೊಂಬತ್ತು, ಆಹಾರಕ್ಕಾಗಿ ಬಳಕೆ, ಕೆಳಗೆ ಜಲಜ ಬಂಗೇರ. ನೂರು ವರ್ಷ ಬಿಟ್ಟು ತೆಗೆದು ನೋಡಿದವರಿಗೂ ಅಷ್ಟೇ ಕಾಣುತ್ತದೆ.

ಅವಳು ಚೀಲದಿಂದ ಆ ಷರಾದ ತನ್ನ ಪ್ರತಿಯನ್ನು ತೆಗೆದಳು. ಕಾರ್ಬನ್ ಹಾಳೆ ಇಟ್ಟು ಬರೆದ, ನೀಲಿ ಅಕ್ಷರದ ಮನೆಪ್ರತಿ. ಹಟ್ಟಿ ಸುತ್ತುವ ಕಾಲದಿಂದಲೂ ಎಲ್ಲದಕ್ಕೂ ಒಂದು ಪ್ರತಿ ತನ್ನಲ್ಲಿ ಇಟ್ಟುಕೊಳ್ಳುವುದು ಅವಳ ಅಭ್ಯಾಸ. ಅದನ್ನು ಮೊಣಕಾಲ ಮೇಲಿಟ್ಟು ಹಿಂದಿನ ಖಾಲಿ ಬದಿಗೆ ಮಗುಚಿದಳು.

"ತಮ್ಮನ ಹೆಸರು ಎಂತ ಅಂತ ಕೇಳು," ಎಂದಳು ನಾವಿಕನಿಗೆ.

ಅವನು ಕೇಳಿದ. ಹುಡುಗಿ ಹೇಳಿದಳು. ಜಲಜಕ್ಕ ಸರಿಯಾಗಿ ತಿಳಿಯದೆ ಇನ್ನೊಮ್ಮೆ ಹೇಳಿಸಿಕೊಂಡಳು. ಒಂದು ಎಂದು ಹಾಕಿ ಎದುರಿಗೆ 'ತಿಯಾರೊ' ಎಂದು ಬರೆದಳು. ಅವನ ಪ್ರಾಯ ಕೇಳಿದಳು, ತಾಯಿಯ ಹೆಸರು ಕೇಳಿದಳು, ಅವನ್ನೂ ಬರೆದಳು. ಹಿಂಡಿಯ ಚೂರನ್ನು ಹುಡುಗಿಯ ಗಂಟಿಗೇ ಹಾಕಿ, ಬಿಗಿಯಾಗಿ ಕಟ್ಟಿ, ಅವಳ ಕೈಗೆ ಕೊಟ್ಟಳು.

ಆಮೇಲೆ ಕೈಯೂರಿ ಎದ್ದಳು. ಅಲ್ಲೇ ಮಲಗಿ ಉಳಿದವರ ಹೆಸರು ಹೇಳಬಲ್ಲ ಮಕ್ಕಳು ಸಾಲಿನಲ್ಲಿ ಇನ್ನೂ ಕೆಲವು ಇದ್ದವು. ನಾವಿಕನನ್ನು ಜೊತೆಗೆ ಕರೆದುಕೊಂಡು ನಾನೂರ ಹದಿಮೂರನೆಯ ಚೀಟಿಯ ಹತ್ತಿರ ಹೋಗಿ, ಎರಡು ಎಂದು ಬರೆದು, ಮತ್ತೆ ನೆಲಕ್ಕೆ ಕೂತಳು.